ಸಾವರಿಂಟಿ ಮತ್ತು ಸೂಜರಿಂಟಿ: ಎರಡು ಪದಗಳ ಅರ್ಥಭೇದವೂ ಅದರ ಚಾರಿತ್ರಿಕ ಪರಿಣಾಮವೂ

ಇಂಗ್ಲಿಷಿನಲ್ಲಿ ರಚಿತವಾದ ಚರಿತ್ರಗ್ರಂಥಗಳನ್ನು ಓದುವ ವಿದ್ಯಾರ್ಥಿಗೆ ‘ಸಾವರಿಂಟಿ’ ಮತ್ತು ‘ಸೂಜರಿಂಟಿ’ ಎಂಬ ಎರಡು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಉಚ್ಚಾರಣೆಯಲ್ಲಿ ಅವು ಒಂದನ್ನೊಂದು ಹೋಲುತ್ತವೆ. ಎರಡೂ ಮೇಲಿರುವವನ ಅಧಿಕಾರವನ್ನೇ ಸೂಚಿಸುತ್ತವೆ. ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ‘ಸಾರ್ವಭೌಮತ್ವ’ ಎಂಬ ಒಂದೇ ಮಾತನ್ನು ಬಳಸಿ ಮುಂದೆ ಸಾಗುವುದುಂಟು. ಮೇಲುನೋಟಕ್ಕೆ ಇದರಿಂದ ಹಾನಿಯಿಲ್ಲವೆಂದು ತೋರಬಹುದು. ಆದರೆ ಈ ಎರಡು ಪದಗಳ ನಡುವಣ ಅಂತರದ ಮೇಲೆ ರಾಜ್ಯಗಳು ಕಾದಾಡಿವೆ, ಒಪ್ಪಂದಗಳು ಮುರಿದುಬಿದ್ದಿವೆ. ೧೯೪೭ರಲ್ಲಿ ಭಾರತದ ಐನೂರಕ್ಕೂ ಮಿಕ್ಕ ದೇಶೀಯ ಸಂಸ್ಥಾನಗಳ ಭವಿಷ್ಯವನ್ನು ಕುರಿತ ವಿವಾದವೂ ಬಹುಮಟ್ಟಿಗೆ ಇದೇ ಅಂತರದಿಂದ ಹುಟ್ಟಿದ್ದು. ಆದುದರಿಂದ ಇವುಗಳ ಅರ್ಥವನ್ನು ನಿಘಂಟಿನಲ್ಲಿ ಮಾತ್ರವಲ್ಲದೆ ಅವು ಬಳಕೆಗೊಂಡ ಸಂದರ್ಭಗಳಲ್ಲಿಯೂ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

೧

ಮೊದಲು ಪದಗಳ ಮೂಲವನ್ನು ನೋಡೋಣ. ‘ಸಾವರಿನ್’ ಎಂಬುದು ‘ಮೇಲೆ’ ಎಂಬರ್ಥದ ‘ಸೂಪರ್’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಅದರ ಇಂಗ್ಲಿಷ್ ಕಾಗುಣಿತದ ನಡುವೆ ಇರುವ ‘ಜಿ’ ಅಕ್ಷರಕ್ಕೆ ಮೂಲದಲ್ಲಿ ಆಧಾರವಿಲ್ಲ. ಆಳ್ವಿಕೆಯೆಂಬರ್ಥದ ‘ರೇನ್’ ಪದದ ಸಾದೃಶ್ಯದಿಂದ ಅದು ಸೇರಿಕೊಂಡಿತು. ‘ಸೂಜರಿನ್’ ಎಂಬುದಾದರೋ ‘ಮೇಲಕ್ಕೆ’ ಎಂಬರ್ಥದ ಮತ್ತೊಂದು ಹಳೆಯ ಫ್ರೆಂಚ್ ಶಬ್ದಕ್ಕೆ, ಮೊದಲನೆಯ ಪದದ ಮಾದರಿಯಲ್ಲಿಯೇ, ಪ್ರತ್ಯಯ ಹತ್ತಿ ಆದ ರೂಪ. ಹೀಗೆ ಧಾತ್ವರ್ಥದಲ್ಲಿ ಎರಡಕ್ಕೂ ಭೇದವಿಲ್ಲ. ಎರಡೂ ‘ಮೇಲಿನವನು’ ಎಂದೇ ಹೇಳುತ್ತವೆ. ಭೇದ ಬಂದುದು ಬಳಕೆಯಿಂದ. ಅಲ್ಲದೆ ‘ಸಾವರಿನ್’ ಇಂಗ್ಲಿಷಿನಲ್ಲಿ ಮಧ್ಯಯುಗದಿಂದಲೂ ರೂಢವಾಗಿದ್ದ ಮಾತು. ‘ಸೂಜರಿಂಟಿ’ ರಾಜಕೀಯ ಪರಿಭಾಷೆಯಾಗಿ ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ.

ಯೂರೋಪಿನ ಮಧ್ಯಯುಗದ ಊಳಿಗಮಾನ್ಯ ವ್ಯವಸ್ಥೆಯಲ್ಲಿ ಒಬ್ಬ ಪ್ರಭುವು ಇನ್ನೊಬ್ಬನಿಂದ ಭೂಮಿಯನ್ನು ಪಡೆದು, ಅವನ ಮುಂದೆ ಮಂಡಿಯೂರಿ ವಿಧೇಯತೆಯ ಪ್ರತಿಜ್ಞೆ ಮಾಡುತ್ತಿದ್ದನು. ಭೂಮಿಯನ್ನಿತ್ತವನು ಮೇಲೊಡೆಯ, ಪಡೆದವನು ಅಧೀನ ಪ್ರಭು. ಆದರೆ ಆ ಭೂಮಿಯಲ್ಲಿ ಬಾಳುವ ರೈತನಿಗೆ ನಿತ್ಯದ ಒಡೆಯನು ಈ ಅಧೀನ ಪ್ರಭುವೇ. ಅವನಿಗೂ ಮೇಲೊಡೆಯನಿಗೂ ನೇರವಾದ ಸಂಬಂಧ ವಿರಳ. ಮೇಲೊಡೆತನವೆಂಬುದು ಇಬ್ಬರು ಪ್ರಭುಗಳ ನಡುವಣ ನಂಟು. ಇದೇ ಮುಂದೆ ‘ಸೂಜರಿಂಟಿ’ ಎಂಬ ಹೆಸರನ್ನು ಪಡೆದ ಸಂಬಂಧ.

ಈ ಸಂಬಂಧದ ತೊಡಕನ್ನು ಗ್ಯಾಸ್ಕನಿಯ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ೧೨೫೯ರ ಪ್ಯಾರಿಸ್ ಒಪ್ಪಂದದಂತೆ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯು ತನ್ನ ನೈಋತ್ಯ ಫ್ರಾನ್ಸಿನ ಪ್ರದೇಶಗಳಿಗಾಗಿ ಫ್ರಾನ್ಸಿನ ಒಂಬತ್ತನೆಯ ಲೂಯಿಗೆ ಅಧೀನನೆಂದು ಒಪ್ಪಿಕೊಂಡನು. ಹೀಗೆ ಸಮುದ್ರದ ಒಂದು ದಡದಲ್ಲಿ ದೊರೆಯಾದವನು ಇನ್ನೊಂದು ದಡದಲ್ಲಿ ಅಧೀನ ಪ್ರಭುವಾದನು. ಇದರಿಂದಾದ ನಿಜವಾದ ತೊಂದರೆ ಮಂಡಿಯೂರುವ ವಿಧಿಯದಲ್ಲ, ಮೇಲ್ಮನವಿಯದು. ಗ್ಯಾಸ್ಕನಿಯ ಯಾವ ಪ್ರಜೆಯಾಗಲಿ ಇಂಗ್ಲಿಷ್ ದೊರೆಯ ತೀರ್ಪಿನಿಂದ ಅತೃಪ್ತನಾದರೆ ಪ್ಯಾರಿಸಿನ ನ್ಯಾಯಸಭೆಗೆ ಹೋಗಬಹುದಾಗಿತ್ತು. ಕೊನೆಯ ತೀರ್ಪು ಯಾರದು ಎಂಬ ಈ ಪ್ರಶ್ನೆ ನೂರು ವರ್ಷಗಳ ಯುದ್ಧದ ಕಾರಣಗಳಲ್ಲಿ ಒಂದು. ೧೩೬೦ರ ಬ್ರೆಟಿನಿ ಸಂಧಿಯಲ್ಲಿ ಮೂರನೆಯ ಎಡ್ವರ್ಡನು ಫ್ರೆಂಚ್ ಸಿಂಹಾಸನದ ಹಕ್ಕನ್ನು ಬಿಡುವುದೆಂದೂ, ಅದಕ್ಕೆ ಪ್ರತಿಯಾಗಿ ಅಕ್ವಿಟೇನನ್ನು ಯಾರಿಗೂ ಅಧೀನನಾಗದೆ ಪೂರ್ಣ ಒಡೆತನದಲ್ಲಿ ಹೊಂದುವುದೆಂದೂ ನಿಶ್ಚಯವಾಯಿತು. ಆದರೆ ಈ ಪರಸ್ಪರ ತ್ಯಾಗಪತ್ರಗಳ ವಿನಿಮಯ ಕೊನೆಗೂ ನಡೆಯಲಿಲ್ಲ. ಕೆಲವು ವರ್ಷಗಳ ತರುವಾಯ ಗ್ಯಾಸ್ಕನಿಯ ಪ್ರಭುಗಳು ಪ್ಯಾರಿಸಿಗೆ ಮೇಲ್ಮನವಿ ಸಲ್ಲಿಸಿದಾಗ ಐದನೆಯ ಚಾರ್ಲ್ಸನು ಅದನ್ನು ಸ್ವೀಕರಿಸಿದನು. ೧೩೬೯ರಲ್ಲಿ ಯುದ್ಧ ಮತ್ತೆ ಪ್ರಾರಂಭವಾಯಿತು.

೧೫೭೬ರಲ್ಲಿ ಫ್ರೆಂಚ್ ನ್ಯಾಯಶಾಸ್ತ್ರಜ್ಞ ಜ್ಯಾಂ ಬೋದ್ಯಾನು ಪ್ರಕಟಿಸಿದ ರಾಜ್ಯಶಾಸ್ತ್ರದ ಆರು ಪುಸ್ತಕಗಳಲ್ಲಿ ಮೊದಲನೆಯ ಪದಕ್ಕೆ ಸ್ಪಷ್ಟವಾದ ಲಕ್ಷಣ ದೊರೆಯಿತು. ಸಾವರಿಂಟಿಯೆಂಬುದು ರಾಜ್ಯವೊಂದರಲ್ಲಿ ನಿರಂಕುಶವೂ ಶಾಶ್ವತವೂ ಆದ ಅಧಿಕಾರವೆಂದೂ, ಇನ್ನೊಬ್ಬನಿಂದ ಭೂಮಿಯನ್ನು ಹೊಂದಿ ವಿಧೇಯತೆಯನ್ನು ಸಲ್ಲಿಸುವವನು ಈ ಹೆಸರಿಗೆ ಅರ್ಹನಲ್ಲವೆಂದೂ ಅವನು ವಾದಿಸಿದನು. ಇಲ್ಲಿಂದ ಮುಂದೆ ಎರಡು ಪದಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ನಿಂತವೆನ್ನಬಹುದು. ಈ ನೆಲದಲ್ಲಿ, ಈ ಜನರ ಮೇಲೆ ಕೊನೆಯ ಮಾತು ಯಾರದು ಎಂದು ಕೇಳಿದರೆ ಬರುವ ಉತ್ತರ ಸಾವರಿಂಟಿ. ಈ ನೆಲದ ಅರಸನು ಮತ್ತೆ ಯಾರಿಗೆ ಬಾಗಬೇಕು ಎಂದು ಕೇಳಿದರೆ ಬರುವ ಉತ್ತರ ಸೂಜರಿಂಟಿ. ಒಂದರಲ್ಲಿ ಜನರೂ ನೆಲವೂ ಸೇರಿವೆ. ಇನ್ನೊಂದರಲ್ಲಿ ಇಬ್ಬರು ಆಳುವವರು ಮಾತ್ರ ಇದ್ದಾರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಘಟನೆಗಳು ಸ್ಪಷ್ಟವಾಗುತ್ತವೆ.

೨

ಊಳಿಗಮಾನ್ಯ ವ್ಯವಸ್ಥೆ ಅಳಿದ ಮೇಲೂ ಅದರ ಈ ಶಬ್ದ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ರಾಯಭಾರಿಗಳು ಅದನ್ನು ಹೊಸ ಕಾರ್ಯಕ್ಕೆ ನಿಯೋಜಿಸಿದರು. ಕುಗ್ಗುತ್ತಿದ್ದ ಸಾಮ್ರಾಜ್ಯವೊಂದರಿಂದ ಒಂದು ಪ್ರಾಂತ್ಯ ಕಳಚಿಕೊಳ್ಳುತ್ತಿರುವಾಗ, ಪೂರ್ಣ ಸ್ವಾತಂತ್ರ್ಯವನ್ನು ಒಪ್ಪಲು ಯಾರೂ ಸಿದ್ಧರಿಲ್ಲದಿದ್ದಾಗ, ನಡುವಿನ ಸ್ಥಿತಿಗೆ ಒಂದು ಹೆಸರು ಬೇಕಾಗಿತ್ತು. ೧೮೫೬ರ ಪ್ಯಾರಿಸ್ ಒಪ್ಪಂದದಲ್ಲಿ ಮಾಲ್ಡೇವಿಯ ಮತ್ತು ವಲೇಕಿಯಗಳನ್ನು ತುರ್ಕಿಯ ಸುಲ್ತಾನನ ಸೂಜರಿಂಟಿಯಲ್ಲಿ ಇರಿಸಲಾಯಿತು. ೧೮೭೮ರ ಬರ್ಲಿನ್ ಒಪ್ಪಂದ ಬಲ್ಗೇರಿಯವನ್ನು ಅದೇ ಸ್ಥಿತಿಯಲ್ಲಿಟ್ಟಿತು; ಬಲ್ಗೇರಿಯವು ೧೯೦೮ರಲ್ಲಿ ಸ್ವತಂತ್ರವೆಂದು ಘೋಷಿಸಿಕೊಂಡಿತು. ಇಲ್ಲೆಲ್ಲ ಈ ಪದ ಅಸ್ತಮಿಸುತ್ತಿರುವ ಅಧಿಕಾರದ ನೆರಳಿನಂತೆ ಕಾಣುತ್ತದೆ.

ಆದರೆ ಬೆಳೆಯುತ್ತಿರುವ ಅಧಿಕಾರದ ಕೈಯಲ್ಲಿ ಅದರ ಪರಿಣಾಮ ಬೇರೆಯಾಗಿತ್ತು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ರಾಜ್ಯವನ್ನು ಬ್ರಿಟಿಷರು ೧೮೭೭ರಲ್ಲಿ ವಶಪಡಿಸಿಕೊಂಡರು. ಅಲ್ಲಿಯ ಬೋಯರರು ದಂಗೆಯೆದ್ದು ೧೮೮೧ರ ಫೆಬ್ರವರಿಯಲ್ಲಿ ಮಜೂಬ ಬೆಟ್ಟದಲ್ಲಿ ಬ್ರಿಟಿಷ್ ಸೈನ್ಯವನ್ನು ಸೋಲಿಸಿದರು. ಅದೇ ವರ್ಷದ ಪ್ರಿಟೋರಿಯ ಒಪ್ಪಂದವು ಅವರಿಗೆ ಪೂರ್ಣ ಸ್ವಯಮಾಡಳಿತವನ್ನು ವಿಕ್ಟೋರಿಯ ರಾಣಿಯ ಸೂಜರಿಂಟಿಗೆ ಒಳಪಟ್ಟಂತೆ ನೀಡಿತು. ಬೋಯರರು ಈ ಪದವನ್ನು ಸಹಿಸಲಿಲ್ಲ. ೧೮೮೪ರಲ್ಲಿ ಲಂಡನ್ ಒಪ್ಪಂದವಾಗುವಾಗ ವಸಾಹತು ಮಂತ್ರಿ ಲಾರ್ಡ್ ಡರ್ಬಿಯು ಕರಡಿನಲ್ಲಿದ್ದ ಹಳೆಯ ಪೀಠಿಕೆಯನ್ನು ಹೊಡೆದುಹಾಕಿದನು. ಆ ಪದ ಹೊಸ ಪತ್ರದಲ್ಲಿ ಕಾಣಿಸಲಿಲ್ಲ. ಆದರೆ ಆರೆಂಜ್ ಫ್ರೀ ಸ್ಟೇಟನ್ನು ಬಿಟ್ಟು ಬೇರೆ ಯಾವ ರಾಜ್ಯದೊಡನೆಯೂ ರಾಣಿಯ ಒಪ್ಪಿಗೆಯಿಲ್ಲದೆ ಕರಾರು ಮಾಡಿಕೊಳ್ಳಕೂಡದೆಂಬ ನಿಬಂಧನೆ ಉಳಿಯಿತು. ನಿರ್ದಿಷ್ಟವಾದ ಲಕ್ಷಣವಿಲ್ಲದ ಈ ಪದ ಅಪಾರ್ಥಕ್ಕೆ ಎಡೆಗೊಡುವುದರಿಂದ ಅದನ್ನು ಬಿಟ್ಟುದಾಗಿಯೂ, ಅದರ ಸಾರವನ್ನು ಮಾತ್ರ ಉಳಿಸಿಕೊಂಡುದಾಗಿಯೂ ಡರ್ಬಿ ಪಾರ್ಲಿಮೆಂಟಿನಲ್ಲಿ ವಿವರಿಸಿದನು. ಮುಂದೆ ಟ್ರಾನ್ಸ್‌ವಾಲಿನಲ್ಲಿ ಚಿನ್ನ ದೊರೆತು ಅದರ ಮೇಲಣ ಆಸಕ್ತಿ ಹೆಚ್ಚಿದಾಗ, ೧೮೯೭ರಲ್ಲಿ ಜೋಸೆಫ್ ಚೇಂಬರ್ಲೇನನು ಸೂಜರಿಂಟಿ ಇನ್ನೂ ಜೀವಂತವಾಗಿದೆಯೆಂದು ವಾದಿಸಿದನು. ೧೮೯೯ರಲ್ಲಿ ಯುದ್ಧ ಸಂಭವಿಸಿತು. ಯುದ್ಧಕ್ಕೆ ಕಾರಣಗಳು ಅನೇಕ. ಆದರೆ ಅಳಿಸಿದ ಪದವೊಂದು ಹದಿಮೂರು ವರ್ಷಗಳ ಮೇಲೆ ಮತ್ತೆ ಎದ್ದುಬಂದುದು ಆ ಪದದ ಅಸ್ಪಷ್ಟತೆಗೆ ಸಾಕಾದಷ್ಟು ಸಾಕ್ಷ್ಯ.

ಟಿಬೆಟ್ಟಿನ ವಿಷಯದಲ್ಲಿಯೂ ಇದೇ ಅಸ್ಪಷ್ಟತೆ ಕಂಡುಬರುತ್ತದೆ. ೧೯೦೫ರಲ್ಲಿ ಕಲ್ಕತ್ತೆಯಲ್ಲಿ ನಡೆದ ಸಂಧಾನದಲ್ಲಿ ಚೀನೀ ಪ್ರತಿನಿಧಿಯು ಸಾವರಿಂಟಿಯೆಂಬ ಪದಕ್ಕೂ ಬ್ರಿಟಿಷರು ಸೂಜರಿಂಟಿಯೆಂಬ ಪದಕ್ಕೂ ಪಟ್ಟುಹಿಡಿದರು. ೧೯೦೬ರ ಒಪ್ಪಂದದಲ್ಲಿ ಎರಡು ಪದಗಳನ್ನೂ ಕೈಬಿಡಬೇಕಾಯಿತು. ಮರುವರ್ಷದ ಆಂಗ್ಲೋ-ರಷ್ಯನ್ ಒಪ್ಪಂದದಲ್ಲಿಯೂ, ೧೯೧೪ರ ಸಿಮ್ಲಾ ಕರಡಿನಲ್ಲಿಯೂ ಸೂಜರಿಂಟಿಯ ಪ್ರಸ್ತಾಪ ಬಂದಿತು. ಬ್ರಿಟಿಷ್ ಸರ್ಕಾರ ಈ ನಿಲುವನ್ನು ಕಾಲಬಾಹಿರವೆಂದು ಹೇಳಿ ಬಿಟ್ಟುಕೊಟ್ಟುದು ೨೦೦೮ರ ಅಕ್ಟೋಬರಿನಲ್ಲಿ. ಈ ಎಲ್ಲ ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪದದ ಆಯ್ಕೆಯು ಅದನ್ನು ಬರೆಯುವವರ ಅನುಕೂಲವನ್ನು ಅನುಸರಿಸಿತೆಂಬುದು ಗೋಚರವಾಗುತ್ತದೆ.

೩

ಈಗ ಭಾರತಕ್ಕೆ ಬರೋಣ. ಬ್ರಿಟಿಷ್ ಅಧಿಪತ್ಯವು ಇಲ್ಲಿಯ ಸಂಸ್ಥಾನಗಳೊಡನೆ ಹೊಂದಿದ್ದ ಸಂಬಂಧವೇ ಸೂಜರಿಂಟಿಗೆ ಅತ್ಯಂತ ವಿಸ್ತಾರವಾದ ಉದಾಹರಣೆ; ಅದರ ಬೆಳವಣಿಗೆಯನ್ನು ಮೈಸೂರಿನ ಮೂರು ಪತ್ರಗಳಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣಬಹುದು.

ಟಿಪ್ಪೂ ಸುಲ್ತಾನನ ಪತನದ ಅನಂತರ ೧೭೯೯ರ ಜುಲೈಯಲ್ಲಿ ಕಂಪನಿಯು ಬಾಲಕ ಮೂರನೆಯ ಕೃಷ್ಣರಾಜ ಒಡೆಯರೊಡನೆ ಸಹಾಯಕ ಸೈನ್ಯದ ಒಪ್ಪಂದವನ್ನು ಮಾಡಿಕೊಂಡಿತು. ಅದರ ಮೊದಲ ವಿಧಿಯಂತೆ ಒಬ್ಬರ ಮಿತ್ರರೂ ಶತ್ರುಗಳೂ ಇಬ್ಬರಿಗೂ ಮಿತ್ರರೂ ಶತ್ರುಗಳೂ ಆಗತಕ್ಕವರು. ಭಾಷೆ ಸಮಾನರ ಭಾಷೆ. ಆದರೆ ವಾರ್ಷಿಕ ೭ ಲಕ್ಷ ಪಗೋಡಗಳ ಪಾವತಿಗೆ ಧಕ್ಕೆ ಬರುವುದೆಂದು ಗವರ್ನರ್ ಜನರಲನಿಗೆ ತೋರಿದರೆ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದೆಂಬ ವಿಧಿಯೂ ಅದರಲ್ಲಿತ್ತು. ನಗರದ ರೈತದಂಗೆಯ ತರುವಾಯ ೧೮೩೧ರಲ್ಲಿ ಲಾರ್ಡ್ ಬೆಂಟಿಂಕನು ರಾಜ್ಯದ ಆಡಳಿತವನ್ನು ವಹಿಸಿಕೊಂಡಾಗ ಆಧಾರವಾಗಿ ತೋರಿಸಿದುದು ಈ ಒಪ್ಪಂದವನ್ನೇ. ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಯ ಮೇಲೆ ೧೮೮೧ರ ಮಾರ್ಚ್ ೨೫ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದರು. ಈ ಸಂದರ್ಭದ ಪತ್ರಕ್ಕೆ ಒಪ್ಪಂದವೆಂಬ ಹೆಸರಿಲ್ಲ. ಅದು ಹಸ್ತಾಂತರ ಪತ್ರ. ಮಹಾರಾಜರು ರಾಣಿಗೆ ನಿಷ್ಠೆಯಿಂದಲೂ ಅಧೀನತೆಯಿಂದಲೂ ನಡೆದುಕೊಳ್ಳತಕ್ಕದ್ದು. ಗವರ್ನರ್ ಜನರಲನ ಮನ್ನಣೆಯಿಲ್ಲದೆ ಉತ್ತರಾಧಿಕಾರವು ಊರ್ಜಿತವಾಗದು. ನಿಂತುಹೋದ ರಾಜ್ಯದ ನಾಣ್ಯವನ್ನು ಮತ್ತೆ ಪ್ರಾರಂಭಿಸಕೂಡದು. ೧೭೯೯ರ ಮಿತ್ರನು ೧೮೮೧ರಲ್ಲಿ ಅಧೀನನಾದನು. ನಾಲ್ಕನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೩ರಲ್ಲಿ, ಹಸ್ತಾಂತರ ಪತ್ರದ ಸ್ಥಾನಕ್ಕೆ ಒಪ್ಪಂದವೊಂದು ಬಂದಿತು. ಷರತ್ತುಗಳು ಬಹುಮಟ್ಟಿಗೆ ಹಿಂದಿನವೇ. ಆದರೂ ಹೆಸರಿನ ಬದಲಾವಣೆಯನ್ನು ಮೈಸೂರು ಗೌರವದ ಸಂಗತಿಯೆಂದು ಎಣಿಸಿತು.

ಬೆಂಗಳೂರಿನ ದಂಡಿನ ಪ್ರದೇಶ ಈ ಭೇದದ ಕಣ್ಣಿಗೆ ಕಾಣುವ ನಿದರ್ಶನವಾಗಿತ್ತು. ಅದು ಮೈಸೂರು ರಾಜ್ಯದ ನೆಲ; ಆದರೆ ೧೮೮೧ರಿಂದ ೧೯೪೭ರ ಜುಲೈವರೆಗೆ ಅಲ್ಲಿ ನಡೆದುದು ಬ್ರಿಟಿಷ್ ರೆಸಿಡೆಂಟನ ಅಧಿಕಾರ. ಪೇಟೆಯಿಂದ ದಂಡಿಗೆ ಹೋದ ಮನುಷ್ಯನು ಮಹಾರಾಜರ ರಾಜ್ಯವನ್ನು ಬಿಡದೆಯೇ ಅವರ ನ್ಯಾಯಾಲಯಗಳ ವ್ಯಾಪ್ತಿಯನ್ನು ದಾಟುತ್ತಿದ್ದನು.

ಇಂತಹ ಸ್ಥಿತಿಯನ್ನು ಬೋದ್ಯಾನ ಲಕ್ಷಣದಲ್ಲಿ ಹಿಡಿಸಲಾಗದು. ಆದುದರಿಂದ ಹೆನ್ರಿ ಮೇನ್ ೧೮೬೪ರ ತನ್ನ ಕಾಠಿಯಾವಾಡದ ಟಿಪ್ಪಣಿಯಲ್ಲಿ ಸಾವರಿಂಟಿಯನ್ನು ಭಾಗಿಸಬಹುದು, ಸ್ವಾತಂತ್ರ್ಯವನ್ನು ಭಾಗಿಸಲಾಗದು ಎಂಬ ಸೂತ್ರವನ್ನು ಮುಂದಿಟ್ಟನು. ಸಂಸ್ಥಾನದ ಅರಸನಿಗೆ ಸಾವರಿಂಟಿಯ ಒಂದು ಪಾಲು ಉಂಟು, ಸ್ವಾತಂತ್ರ್ಯ ಮಾತ್ರ ಇಲ್ಲ. ೧೮೮೯ರ ಬ್ರಿಟಿಷ್ ಕಾಯಿದೆಯೊಂದು ‘ಇಂಡಿಯಾ’ ಎಂಬ ಪದವನ್ನು ವಿವರಿಸುವಾಗ, ಬ್ರಿಟಿಷ್ ಇಂಡಿಯವನ್ನೂ ರಾಣಿಯ ಸೂಜರಿಂಟಿಯಲ್ಲಿರುವ ದೇಶೀಯ ಅರಸರ ಪ್ರದೇಶಗಳನ್ನೂ ಪ್ರತ್ಯೇಕವಾಗಿ ಹೇಳಿ ಸೇರಿಸಿತು. ಮಣಿಪುರದ ಪ್ರಕರಣದಲ್ಲಿ, ೧೮೯೧ರಲ್ಲಿ, ಭಾರತ ಸರ್ಕಾರವು ರಾಣಿಯ ಸೂಜರಿಂಟಿಗೆ ಒಳಪಟ್ಟ ಸಂಸ್ಥಾನಗಳಿಗೆ ಅಂತರರಾಷ್ಟ್ರೀಯ ನ್ಯಾಯದ ತತ್ತ್ವಗಳು ಅನ್ವಯಿಸವೆಂದು ಪ್ರಕಟಿಸಿತು. ಹೈದರಾಬಾದಿನ ನಿಜಾಮನು ಆಂತರಿಕ ವಿಷಯಗಳಲ್ಲಿ ತಾನು ಬ್ರಿಟಿಷ್ ಸರ್ಕಾರಕ್ಕೆ ಸಮಾನನೆಂದು ವಾದಿಸಿದಾಗ, ೧೯೨೬ರ ಮಾರ್ಚಿಯಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಬರೆದ ಉತ್ತರದಲ್ಲಿ ಬಲವಾದ ಪದವೇ ಹೊರಬಂದಿತು: ಭಾರತದಲ್ಲಿ ಬ್ರಿಟಿಷ್ ಪ್ರಭುತ್ವದ ಸಾವರಿಂಟಿಯೇ ಸರ್ವೋಚ್ಚ, ಅದಕ್ಕೆ ಕೇವಲ ಒಪ್ಪಂದಗಳು ಆಧಾರವಲ್ಲ. ಕಾಯಿದೆಯ ಪುಸ್ತಕದಲ್ಲಿ ಸೂಜರಿಂಟಿಯಾಗಿದ್ದುದು ಗದರಿಕೆಯ ಪತ್ರದಲ್ಲಿ ಸಾವರಿಂಟಿಯಾಯಿತು. ಈ ಸಂಬಂಧದ ಮಿತಿಯನ್ನು ವಿಚಾರಿಸಲು ನೇಮಕವಾದ ಬಟ್ಲರ್ ಸಮಿತಿಯೂ ೧೯೨೯ರಲ್ಲಿ ಅದಕ್ಕೆ ಲಕ್ಷಣ ಹೇಳಲು ಒಪ್ಪಲಿಲ್ಲ. ಪರಮಾಧಿಪತ್ಯವು ಪರಮವಾಗಿಯೇ ಉಳಿಯತಕ್ಕದ್ದೆಂದಿತು.

೪

ಇಷ್ಟು ಕಾಲ ಲಕ್ಷಣವಿಲ್ಲದೆ ಉಳಿಸಿಕೊಂಡ ಮಾತಿಗೆ ಒಂದು ದಿನ ಅರ್ಥ ಹೇಳಲೇಬೇಕಾಯಿತು. ೧೯೪೭ರ ಭಾರತ ಸ್ವಾತಂತ್ರ್ಯ ಕಾಯಿದೆಯ ೭ನೆಯ ವಿಧಿಯು ದೇಶೀಯ ಸಂಸ್ಥಾನಗಳ ಮೇಲೆ ದೊರೆಗೆ ಇದ್ದ ಸೂಜರಿಂಟಿಯು ಆಗಸ್ಟ್ ೧೫ರಿಂದ ಲಯವಾಗುತ್ತದೆಂದು ಸಾರಿತು. ಬ್ರಿಟಿಷ್ ಇಂಡಿಯದ ವಿಷಯದಲ್ಲಿ ಹೀಗಾಗಲಿಲ್ಲ. ಅಲ್ಲಿ ಅಧಿಕಾರವು ಎರಡು ಹೊಸ ರಾಷ್ಟ್ರಗಳಿಗೆ ಸಂದಿತು. ಇದು ಆಕಸ್ಮಿಕವಲ್ಲ, ಎರಡು ಪದಗಳ ಸ್ವಭಾವದಿಂದಲೇ ಬಂದ ಫಲವೆಂದು ನಮ್ಮ ಅಭಿಪ್ರಾಯ. ಸಾವರಿಂಟಿಯು ಒಂದು ನೆಲಕ್ಕೂ ಜನಕ್ಕೂ ಅಂಟಿಕೊಂಡಿರುವುದರಿಂದ ಅದು ಶೂನ್ಯವಾಗಲಾರದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲೇಬೇಕು. ಸೂಜರಿಂಟಿಯು ಇಬ್ಬರು ಆಳುವವರ ನಡುವಣ ನಂಟಾದುದರಿಂದ ಒಬ್ಬನು ಹೊರಟುಹೋದರೆ ಅದು ಯಾರಿಗೂ ಸಲ್ಲದೆ ಅಳಿಯಬಹುದು. ಬ್ರಿಟಿಷರು ಹೋಗುವಾಗ ಎರಡನೆಯ ಪದವನ್ನು ಅದರ ಅಕ್ಷರಾರ್ಥದಲ್ಲಿ ಹಿಡಿದರು. ರೀಡಿಂಗನ ಪತ್ರದ ಮಾತನ್ನು ಹಿಡಿದಿದ್ದರೆ ಲಯದ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅರಸರಲ್ಲಿ ಕೆಲವರು ಇದರಿಂದ ಸಹಜವಾದ ತರ್ಕವನ್ನು ಹೊರಡಿಸಿದರು. ಮೇಲೊಡೆಯನು ಹೋದ ಮೇಲೆ ಅಧೀನನಾಗಿದ್ದವನು ಪೂರ್ಣ ಒಡೆಯನಾಗಬೇಕಷ್ಟೆ. ೧೯೪೭ರ ಜೂನ್ ತಿಂಗಳಲ್ಲಿ ತಿರುವಾಂಕೂರು ಸ್ವತಂತ್ರವಾಗುವ ಸಂಕಲ್ಪವನ್ನು ಪ್ರಕಟಿಸಿತು. ಅದೇ ತಿಂಗಳು ಹೈದರಾಬಾದಿನ ನಿಜಾಮನ ಫರ್ಮಾನು ಹೊರಟಿತು. ತಿರುವಾಂಕೂರು ಬೇಗನೆ ಭಾರತದೊಡನೆ ಸೇರಿತು. ಹೈದರಾಬಾದು ಸೇರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಈ ಶಬ್ದಾರ್ಥದ ವಿವಾದ ಪಾಂಡಿತ್ಯದ ವಿಷಯವಾಗಿ ಉಳಿಯಲಿಲ್ಲ. ದೇಶದ ಉಳಿದ ಭಾಗಗಳು ಸ್ವಾತಂತ್ರ್ಯವನ್ನು ಆಚರಿಸಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ರಜಾಕಾರರ ಹಾವಳಿಯನ್ನು ಅನುಭವಿಸಿದರು. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಪ್ರವೇಶಿಸಿದಾಗ ಆ ಸ್ಥಿತಿ ಕೊನೆಗೊಂಡಿತು.

ಮೈಸೂರಿನ ಮಾರ್ಗ ಬೇರೆ. ಜಯಚಾಮರಾಜೇಂದ್ರ ಒಡೆಯರು ೧೯೪೭ರ ಆಗಸ್ಟಿನಲ್ಲಿ ಭಾರತವನ್ನು ಸೇರುವ ಪತ್ರಕ್ಕೆ ಸಹಿ ಹಾಕಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳನ್ನು ಭಾರತಕ್ಕೆ ಒಪ್ಪಿಸುವ ಈ ಸೇರ್ಪಡೆ ಪತ್ರದ ಮಾದರಿಯಲ್ಲಿ, ರಾಜ್ಯದ ಮೇಲೆ ಅರಸನಿಗಿರುವ ಸಾವರಿಂಟಿಯು ಅಬಾಧಿತವಾಗಿ ಮುಂದುವರಿಯುವುದೆಂಬ ವಿಧಿಯೊಂದು ಸೇರಿತ್ತು. ನೂರೈವತ್ತು ವರ್ಷ ಸೂಜರಿಂಟಿಯ ಕೆಳಗಿದ್ದವರಿಗೆ ಪೂರ್ಣವಾದ ಪದವನ್ನು ಬರಹದಲ್ಲಿ ಕೊಟ್ಟಂತಾಯಿತು. ಆದರೆ ಅಷ್ಟರಲ್ಲಿ ಪ್ರಶ್ನೆ ಕೇಳುವವರು ಬದಲಾಗಿದ್ದರು. ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ‘ಮೈಸೂರು ಚಲೋ’ ಚಳವಳಿಯಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ರೈತರೂ ಜವಾಬ್ದಾರಿ ಸರ್ಕಾರವನ್ನು ಬೇಡಿ ಸೆರೆಮನೆಗೆ ಹೋದರು. ಮಹಾರಾಜರ ಮೇಲೆ ಯಾರಿದ್ದಾರೆ ಎಂಬುದು ಅವರ ಪ್ರಶ್ನೆಯಲ್ಲ; ರಾಜ್ಯದೊಳಗೆ ಕೊನೆಯ ಮಾತು ಯಾರದಾಗಬೇಕು ಎಂಬುದು ಅವರ ಪ್ರಶ್ನೆ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಮಂತ್ರಿಮಂಡಲ ರಚಿತವಾಯಿತು. ೧೯೪೯ರ ನವೆಂಬರ್ ೨೫ರಂದು ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಿಸಿದರು. ಆ ಸಂವಿಧಾನವು ಜನರ ಹೆಸರಿನಲ್ಲಿ ಪ್ರಾರಂಭವಾಗುತ್ತದೆ.

೫

ಕನ್ನಡದಲ್ಲಿ ಈ ಪದಗಳಿಗೆ ಸಮಾನವಾದ ಮಾತುಗಳು ಯಾವುವು? ಸಾವರಿಂಟಿಗೆ ‘ಸಾರ್ವಭೌಮತ್ವ’ ಈಗಾಗಲೇ ನೆಲೆಗೊಂಡಿದೆ. ಸರ್ವಭೂಮಿಗೆ ಒಡೆಯನೆಂಬ ಅದರ ಹಳೆಯ ಅರ್ಥ ಮರೆಯಾಗಿ, ತನ್ನ ಭೂಮಿಗೆ ತಾನೇ ಒಡೆಯನೆಂಬ ಅರ್ಥ ಅದಕ್ಕೆ ಬಂದಿದೆ. ಸೂಜರಿಂಟಿಗೆ ‘ಅಧಿರಾಜತ್ವ’ ಎಂಬುದನ್ನು ನಾವು ಸೂಚಿಸುತ್ತೇವೆ. ಅರಸರ ಮೇಲಣ ಅರಸುತನವೆಂಬ ಭಾವ ಅದರಲ್ಲಿ ಸ್ಪಷ್ಟವಾಗಿದೆ. ಮಹಾರಾಜಾಧಿರಾಜ ಎಂಬ ಬಿರುದಿನ ಮೂಲಕ ಶಾಸನಗಳ ಪರಿಚಯವುಳ್ಳವರಿಗೆ ಅದು ಹೊಸತಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಚಕ್ರವರ್ತಿಯ ಹೆಸರು ಮೊದಲು ಬಂದು, ‘ತತ್ಪಾದಪದ್ಮೋಪಜೀವಿ’ ಎಂಬ ಮಾತಿನೊಡನೆ ಮಹಾಮಂಡಲೇಶ್ವರನ ಹೆಸರು ಅನುಸರಿಸುತ್ತದೆ. ಶಾಸನಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ ಫ್ಲೀಟ್, ರೈಸ್ ಮೊದಲಾದ ವಿದ್ವಾಂಸರು ಕೆಲಸ ಮಾಡಿದುದು ಬ್ರಿಟಿಷ್ ಅಧಿರಾಜತ್ವದ ಕಾಲದಲ್ಲಿ. ಆ ಕಾಲದ ಪರಿಭಾಷೆಯ ಮೂಲಕವೇ ಚಾಲುಕ್ಯ-ಹೊಯ್ಸಳ ಸಂಬಂಧವನ್ನು ಓದುವ ಅಭ್ಯಾಸ ನಮಗೆ ಬಂದಿದೆ. ವಿಷ್ಣುವರ್ಧನನು ಮಹಾಮಂಡಲೇಶ್ವರನೆಂಬ ಬಿರುದನ್ನು ಧರಿಸಿಯೇ ಸ್ವತಂತ್ರನಂತೆ ಯುದ್ಧಗಳನ್ನು ನಡೆಸಿದನು. ಅವನನ್ನು ೧೮೮೧ರ ಮೈಸೂರಿನ ಅಳತೆಗೋಲಿನಿಂದ ಅಳೆಯುವುದು ಯುಕ್ತವಲ್ಲ. ಶಾಸನದ ಬಿರುದು ಒಂದು ಸಂಬಂಧವನ್ನು ಹೇಳುತ್ತದೆ. ಆ ಸಂಬಂಧದೊಳಗೆ ಯಾರು ತೆರಿಗೆ ಎತ್ತಿದರು, ಯಾರು ದಾನ ಕೊಟ್ಟರು, ಯಾರ ತೀರ್ಪು ಕೊನೆಯದಾಯಿತು ಎಂಬುದನ್ನು ಶಾಸನದ ಉಳಿದ ಸಾಲುಗಳಿಂದ ಕಂಡುಕೊಳ್ಳಬೇಕು.

ಯಾವ ಕಾಲದ ಪತ್ರವಾದರೂ ಪರೀಕ್ಷೆ ಇದೇ. ‘ಸೂಜರಿಂಟಿ’ಯೆಂಬ ಪದ ಕಂಡಲ್ಲಿ, ಅದನ್ನು ಬರೆದವರಿಗೆ ಆ ಅಸ್ಪಷ್ಟತೆಯಿಂದ ಯಾವ ಪ್ರಯೋಜನವಿತ್ತು ಎಂದು ಮೊದಲು ಕೇಳಬೇಕು, ಆ ಪದದಲ್ಲಿ ಹೆಸರೇ ಇಲ್ಲದ ಜನರಿಗೆ ಅದರಿಂದ ಏನಾಯಿತು ಎಂದು ಅನಂತರ ಕೇಳಬೇಕು. ಎರಡು ಪದಗಳಿಗೂ ಕನ್ನಡದಲ್ಲಿ ಒಂದೇ ಮಾತನ್ನು ಬಳಸಿದರೆ ಈ ಎರಡನೆಯ ಪ್ರಶ್ನೆಯನ್ನು ಕೇಳುವ ಅವಕಾಶವನ್ನು ನಮ್ಮ ವಿದ್ಯಾರ್ಥಿಗಳು ಕಳೆದುಕೊಳ್ಳುವರು.